ಅವಕೆಂಪು ಬೆಳಕಿನಲ್ಲಿ ಸೂಪರ್ನೋವಾ ದೂರ ಅಳೆದ ನನ್ನ ಅನುಭವ

ವಿಜಯಪುರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ನನ್ನ ಹತ್ತಿರ ದೊಡ್ಡ ಟೆಲಿಸ್ಕೋಪ್ ಇಲ್ಲ. ಇದ್ದರೂ ಈ ಕೆಲಸಕ್ಕೆ ಬರುತ್ತಿರಲಿಲ್ಲ. ಮಾಮೂಲಿ ಕ್ಯಾಮೆರಾದ ಸಿಲಿಕಾನ್ ಸೆನ್ಸರಿಗೆ 1.1 ಮೈಕ್ರಾನ್ ಆಚೆ ಏನೂ ಕಾಣಲ್ಲ. ನನಗೆ ಬೇಕಿದ್ದದ್ದು 1.6 ಮೈಕ್ರಾನ್ ಸುತ್ತಮುತ್ತಲಿನ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು, ಖಗೋಳದವರು ಎಚ್ ಬ್ಯಾಂಡ್ ಅನ್ನುತ್ತಾರಲ್ಲ, ಅದು. ಅದಕ್ಕೆ ಸೆನ್ಸರೇ ಬೇರೆ, ಅದನ್ನು ಕೊರೆಯುವಷ್ಟು ತಣ್ಣಗೆ ಇಡಬೇಕು, ಮೇಲಾಗಿ ಗಾಳಿಯಲ್ಲಿ ನೀರಾವಿ ಕಡಿಮೆ ಇರಬೇಕು. ನಮ್ಮೂರು ಒಣ ಊರು ನಿಜ, ಆದರೆ 600 ಮೀಟರ್ ಎತ್ತರದ ಒಣಹವೆ ಇದಕ್ಕೆ ಸಾಲದು. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರಕ್ಕೆ ಹೋಗಿ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಕೂರಿಸಿದ್ದು ಸುಮ್ನೆ ಅಲ್ಲ. (ಅದನ್ನು ನಡೆಸುವುದು ಮಾತ್ರ ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ.) ಹಾಗಾಗಿ ಬೇರೆಯವರು ಅಳೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ ಅಂಕಿಗಳನ್ನು ತಗೊಂಡೆ. ಮನೆಯ ಲ್ಯಾಪ್‌ಟಾಪಿನಲ್ಲೇ ಲೆಕ್ಕ ಹಾಕಿದೆ.

ಒಂದನೇ-ಎ (ಟೈಪ್ Ia) ಮಾದರಿಯ ಸೂಪರ್ನೋವಾ ಅಂದರೆ ಶ್ವೇತ ಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರ, ಸಿಡಿಯುವುದು. ಎಲ್ಲವೂ ಹೆಚ್ಚೂಕಡಿಮೆ ಒಂದೇ ಪ್ರಖರತೆ ಮುಟ್ಟುತ್ತವೆ, ಆದ್ದರಿಂದ ಎಷ್ಟು ಮಂಕಾಗಿ ಕಾಣುತ್ತಿದೆ ಅನ್ನುವುದರ ಮೇಲೆ ಎಷ್ಟು ದೂರ ಇದೆ ಅಂತ ಹೇಳಬಹುದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಇಲ್ಲಿ ಎರಡು ತಕರಾರು. ನಿಧಾನಕ್ಕೆ ಆರುವ ಸೂಪರ್ನೋವಾ ಸ್ವಲ್ಪ ಜಾಸ್ತಿ ಪ್ರಖರ, ಬೇಗ ಆರುವುದು ಕಡಿಮೆ, ಅದನ್ನು ಸರಿಪಡಿಸಬೇಕು. ಇನ್ನೊಂದು ಧೂಳು. ಧೂಳಿನ ಬಗ್ಗೆ ನಮ್ಮೂರಿನವರಿಗೆ ಪಾಠ ಬೇಡ, ಏಪ್ರಿಲ್‌ನಲ್ಲಿ ಗಾಳಿ ಎದ್ದ ದಿನ ಸಂಜೆ ಸೂರ್ಯ ಹೇಗೆ ಕೆಂಪಗೆ ಮಂಕಾಗಿ ಮುಳುಗುತ್ತಾನೆ ನೋಡಿದ್ದೀರಲ್ಲ. ನೀಲಿ ತಡೆದು ಹೋಗುತ್ತದೆ, ಕೆಂಪು ದಾಟುತ್ತದೆ. ಕೆಂಪಿಗಿಂತ ಆಚೆಯದ್ದು ಇನ್ನೂ ಸಲೀಸಾಗಿ ದಾಟುತ್ತದೆ.

ಎಷ್ಟು ಸಲೀಸು ಅಂತ ಅಂಕಿಯಲ್ಲೇ ನೋಡಿ. 2014ರಲ್ಲಿ ಎಂ82 ಗ್ಯಾಲಕ್ಸಿಯಲ್ಲಿ ಸಿಡಿದ 2014ಜೆ ಅನ್ನುವ ಇದೇ ಮಾದರಿಯ ಸೂಪರ್ನೋವಾ ಭಾರೀ ಧೂಳಿನ ಹಿಂದೆ ಇತ್ತು. ಕಾಣುವ ಬೆಳಕಿನಲ್ಲಿ ಸುಮಾರು 2 ಮ್ಯಾಗ್ನಿಟ್ಯೂಡ್ (ಖಗೋಳದವರು ಪ್ರಖರತೆ ಅಳೆಯುವ ಮಾನ) ಮಂಕಾಗಿತ್ತು, ಅಂದರೆ ಬೆಳಕು ಆರು ಪಟ್ಟು ಕಡಿಮೆ. ಧೂಳನ್ನು ಲೆಕ್ಕಕ್ಕೆ ಹಿಡಿಯದೆ ದೂರ ತೆಗೆದರೆ ನಿಜವಾದದ್ದರ ಎರಡೂವರೆ ಪಟ್ಟು ಬರುತ್ತದೆ. ಎಚ್ ಬ್ಯಾಂಡಿನಲ್ಲಿ ಧೂಳಿನ ಕಾಟ ಸಾಮಾನ್ಯವಾಗಿ ಅದರ ಐದನೇ ಒಂದು ಭಾಗ. ಅಲ್ಲೂ ಧೂಳನ್ನು ಪೂರ್ತಿ ಮರೆತುಬಿಟ್ಟೆವು ಅಂದುಕೊಳ್ಳಿ, ಆಗಲೂ ದೂರ ಹೆಚ್ಚೆಂದರೆ ಶೇಕಡ 20ರಷ್ಟು ಜಾಸ್ತಿ ಬಂದೀತು. ಹೊಸಬರು ಅವಕೆಂಪಿನಿಂದಲೇ ಶುರು ಮಾಡುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ.

ನಾನು ಆರಿಸಿಕೊಂಡದ್ದು 2011ಎಫ್‌ಇ. ಎಂ101 ಗ್ಯಾಲಕ್ಸಿಯದು, ಎದುರಿಗೆ ಧೂಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, 2011ರ ಆಗಸ್ಟ್ 24ರಂದು ಸಿಡಿದ ಬೆನ್ನಿಗೇ ಪತ್ತೆಯಾಗಿತ್ತು. ಬೇಗ ಸಿಕ್ಕಿದ್ದು ಯಾಕೆ ಮುಖ್ಯ ಅಂದರೆ, ಅವಕೆಂಪಿನಲ್ಲಿ ಸೂಪರ್ನೋವಾ ನೀಲಿ ಬೆಳಕಿಗಿಂತ ಮೂರರಿಂದ ಐದು ದಿನ ಮೊದಲೇ ತುತ್ತತುದಿ ಮುಟ್ಟಿ ಇಳಿಯೋಕೆ ಶುರು ಮಾಡುತ್ತದೆ. ತಡವಾಗಿ ಕಂಡರೆ ತುದಿ ಕೈತಪ್ಪಿತು ಅಂತಲೇ ಲೆಕ್ಕ. ಒಂದು ಕಾಲಮ್ಮಿನಲ್ಲಿ ದಿನಾಂಕ, ಇನ್ನೊಂದರಲ್ಲಿ ಎಚ್ ಮ್ಯಾಗ್ನಿಟ್ಯೂಡ್ ಹಾಕಿ ಗ್ರಾಫ್ ಬರೆದೆ. ಮ್ಯಾಗ್ನಿಟ್ಯೂಡ್ ಹೆಚ್ಚಾದಷ್ಟೂ ಮಂಕು, ಹಾಗಾಗಿ ವೈ ಅಕ್ಷವನ್ನು ತಲೆಕೆಳಗು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಗುಡ್ಡ ಇರುವಲ್ಲಿ ಗುಂಡಿ ಕಾಣುತ್ತದೆ.

ಗ್ರಾಫಿನಲ್ಲಿ ಒಂದು ಏರು, ಒಂದು ಇಳಿತ, ಆಮೇಲೆ ಮತ್ತೆ ಮೆಲ್ಲಗೆ ಇನ್ನೊಂದು ಏರು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಬಿಎಸ್ಸಿ ಹುಡುಗ ಕೇಳಿದ: "ಸರ, ಇದು ಎರಡ ಸಲ ಸಿಡಿತೇನ್ರಿ?" ಒಳ್ಳೆಯ ಪ್ರಶ್ನೆ! ಸಿಡಿದದ್ದು ಒಂದೇ ಸಲ. ಚದುರಿ ಹೋದ ವಸ್ತು ಹಿಗ್ಗುತ್ತಾ ತಣ್ಣಗಾಗುವಾಗ, ಎರಡು ಎಲೆಕ್ಟ್ರಾನ್ ಕಳಕೊಂಡಿದ್ದ ಕಬ್ಬಿಣ, ಕೋಬಾಲ್ಟ್ ಪರಮಾಣುಗಳು ಒಂದನ್ನು ವಾಪಸ್ ಹಿಡಿಯುತ್ತವೆ. ಆ ಸ್ಥಿತಿಯಲ್ಲಿ ಅವು ನೀಲಿ ಬೆಳಕನ್ನು ನುಂಗಿ ಅವಕೆಂಪಿನಲ್ಲಿ ಹೊರಗೆ ಬಿಡುವುದರಲ್ಲಿ ಬಹಳ ಚುರುಕು. ಅದೇ ಎರಡನೇ ಗುಡ್ಡ, ಮೊದಲನೆಯದಾದ ಮೂರ್ನಾಲ್ಕು ವಾರಕ್ಕೆ. ದೂರಕ್ಕೆ ಬೇಕಾದದ್ದು ಮೊದಲ ಗುಡ್ಡ.

ಅದರ ತುದಿಯ ಸುತ್ತಲಿನ ಕೆಲವು ಚುಕ್ಕೆಗಳಿಗೆ ಒಂದು ಪ್ಯಾರಾಬೋಲಾ ಕೂರಿಸಿದರೆ ಎಚ್ ಸುಮಾರು 10.75 ಸಿಗುತ್ತದೆ. ಈ ಜಾತಿಯ ಸೂಪರ್ನೋವಾದ ನಿಜವಾದ ಪ್ರಖರತೆ ಎಚ್ ಬ್ಯಾಂಡಿನಲ್ಲಿ ಮೈನಸ್ 18.3ರ ಆಸುಪಾಸು ಅಂತ ಹಿಡಿದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 29.05. ಅದಕ್ಕೆ 5 ಕೂಡಿಸಿ, 5ರಿಂದ ಭಾಗಿಸಿ, ಬಂದದ್ದನ್ನು 10ರ ತಲೆಯ ಮೇಲೆ ಘಾತವಾಗಿ ಇಟ್ಟರೆ ಸುಮಾರು 65 ಲಕ್ಷ ಪಾರ್ಸೆಕ್. ಅಂದರೆ 2.1 ಕೋಟಿ ಬೆಳಕಿನ ವರ್ಷ. ಮೈನಸ್ 18.3 ಬದಲು 18.4 ಹಿಡಿದಿದ್ದರೆ ದೂರ ಶೇಕಡ 5 ಜಾಸ್ತಿ ಬರುತ್ತಿತ್ತು, ಅಷ್ಟು ನೆನಪಿರಲಿ.

ಇನ್ನು ಆ ಮೈನಸ್ 18.3 ಎಲ್ಲಿಂದ ಬಂತು? ಸೆಫೀಡ್ ಅನ್ನುವ ಮಿಡಿಯುವ ನಕ್ಷತ್ರಗಳಿಂದ ಮೊದಲೇ ದೂರ ಗೊತ್ತಾದ ಹತ್ತಿರದ ಗ್ಯಾಲಕ್ಸಿಗಳಿಂದ. ಅವುಗಳಲ್ಲಿ ಎಂ101 ಕೂಡ ಒಂದು! ಹಾಗಾಗಿ ನಾನು ಹೊಸದೇನೂ ಕಂಡುಹಿಡಿಯಲಿಲ್ಲ, ತೂಕದ ಕಲ್ಲನ್ನೇ ತಕ್ಕಡಿಗೆ ಹಾಕಿ ನೋಡಿದ ಹಾಗೆ. ಅಸಲಿ ಕೆಲಸ ಇರುವುದು ದೂರದ ಗ್ಯಾಲಕ್ಸಿಗಳಲ್ಲಿ. ಎಂ101 ನಮ್ಮಿಂದ ಸೆಕೆಂಡಿಗೆ ಸುಮಾರು 240 ಕಿ.ಮೀ. ವೇಗದಲ್ಲಿ ಸರಿಯುತ್ತಿದೆ, ಆದರೆ ಗ್ಯಾಲಕ್ಸಿಗಳ ಸ್ವಂತ ಓಡಾಟವೇ 300ರಷ್ಟಿರುತ್ತದೆ, ಅದರಿಂದ ವಿಶ್ವ ಹಿಗ್ಗುವ ವೇಗ ತೆಗೆಯೋಕಾಗಲ್ಲ. 9000 ಕಿ.ಮೀ. ವೇಗದವು ಸಿಕ್ಕರೆ ಆ ಓಡಾಟ ಬರೀ ಶೇಕಡ 3 ಆಗುತ್ತದೆ. 2018ರಲ್ಲಿ ಧವನ್, ಝಾ, ಲೈಬುಂಡ್‌ಗುಟ್ ಹೀಗೆಯೇ ಜೆ ಬ್ಯಾಂಡಿನಲ್ಲಿ, ಅಂದರೆ 1.2 ಮೈಕ್ರಾನ್ ಹತ್ತಿರ, ಅಳೆದಾಗ ಹಬಲ್ ಸ್ಥಿರಾಂಕ, ಅಂದರೆ ವಿಶ್ವ ಹಿಗ್ಗುವ ವೇಗದ ಅಳತೆ, 72.8 ಬಂತು. ಪ್ಲಾಂಕ್ ಉಪಗ್ರಹದ ಲೆಕ್ಕ 67.4. ಎರಡೂ ಒಂದಕ್ಕೊಂದು ಹೊಂದದ ಈ ಜಗಳಕ್ಕೆ ಸೂಪರ್ನೋವಾ ಎದುರಿನ ಧೂಳೇ ಕಾರಣ ಅನ್ನುವವರ ಮಾತನ್ನು ಇದಾದ ಮೇಲೆ ನಂಬೋದು ನನಗಂತೂ ಕಷ್ಟ.

ನೀವೂ ಮಾಡುವುದಾದರೆ ಚಿಲಿಯ ಲಾಸ್ ಕಂಪಾನಾಸ್‌ನಲ್ಲಿ ಕಾರ್ನೆಗಿ ಸೂಪರ್ನೋವಾ ಪ್ರಾಜೆಕ್ಟ್ 2004ರಿಂದ ಸೇರಿಸಿದ ಅಂಕಿಗಳು ಉಚಿತವಾಗಿ ಸಿಗುತ್ತವೆ. ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ತುದಿಗೆ ಮುಂಚಿನ ಚುಕ್ಕೆಗಳು ಇವೆಯಾ ಅಂತ. ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.