ಎರೆಮಣ್ಣಿನಲ್ಲಿ ತೂಗಿದ ಬೇಟೆಗಾರರು

ಮುಧೋಳ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕ. ಬೇಟೆಯಾಡಿ ಬದುಕುವ ಪ್ರಾಣಿಗಳಲ್ಲಿ ಯಾವುದು ಎಷ್ಟು ದೊಡ್ಡದು ಎಂದು ಎಂಟನೆಯ ತರಗತಿಯ ಮಕ್ಕಳು ಕೇಳಿದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಕರಿಹಲಗೆಯ ಮೇಲೆ ಅವುಗಳ ಉದ್ದದ ಪಟ್ಟಿ ಬರೆದದ್ದು. ಗಂಡು ಹುಲಿ, ಬಾಲವೂ ಸೇರಿ, ಸುಮಾರು 3 ಮೀಟರ್. ಇಂಡೊನೇಷ್ಯಾದ ಕೊಮೋಡೊ ಉಡವೂ ಸುಮಾರು 3 ಮೀಟರ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಹಂಗಾದ್ರ ಎರಡೂ ಒಂದ ಸಮ ಏನ್ರಿ ಸರ?" ಎಂದು ಕೇಳಿದಳು. ಹುಲಿ 180ರಿಂದ 260 ಕಿಲೋ ತೂಗುತ್ತದೆ, ಆ ಉಡ 80 ಕಿಲೋದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನನ್ನ ಪಟ್ಟಿಯೇ ತಪ್ಪು ದಾರಿ ತೋರಿಸುತ್ತಿದೆ ಎಂಬುದು ಆ ಪ್ರಶ್ನೆಯಿಂದ ನನಗೆ ಮನದಟ್ಟಾಯಿತು.

ಉದ್ದ ಎಂಬ ಅಳತೆಯೇ ಗಟ್ಟಿಯಾದದ್ದಲ್ಲ. ಶಿಕಾರಿಯ ಕಾಲದಲ್ಲಿ ಸತ್ತ ಹುಲಿಯನ್ನು ಎರಡು ಬಗೆಯಲ್ಲಿ ಅಳೆಯುತ್ತಿದ್ದರು: ಮೂಗಿನ ತುದಿಗೊಂದು, ಬಾಲದ ತುದಿಗೊಂದು ಗೂಟ ಹೊಡೆದು ನಡುವಿನ ನೇರ ದೂರವನ್ನು ಅಳೆಯುವುದು ಒಂದು, ತಲೆ, ಬೆನ್ನುಗಳ ಉಬ್ಬುತಗ್ಗಿನ ಮೇಲೆಯೇ ಟೇಪು ಎಳೆಯುವುದು ಇನ್ನೊಂದು. ಅದೇ ಹುಲಿ ಎರಡನೆಯ ಬಗೆಯಲ್ಲಿ ಹಲವು ಅಂಗುಲ ಹೆಚ್ಚು ಉದ್ದವಾಗುತ್ತಿತ್ತು. ಅದರ ಉದ್ದದಲ್ಲಿ ಮೂರನೆಯ ಒಂದರಷ್ಟು ಪಾಲು ಬಾಲದ್ದೇ ಎಂಬುದನ್ನೂ ಸೇರಿಸಿಕೊಂಡರೆ, ಹೋಲಿಕೆಗೆ ತೂಕವನ್ನೇ ಹಿಡಿಯಬೇಕು ಎಂಬ ತೀರ್ಮಾನಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಆದರೆ ಆರೂವರೆ ಕೋಟಿ ವರ್ಷಗಳ ಹಿಂದೆ ಅಳಿದ ಬೇಟೆಗಾರ ಡೈನೋಸಾರ್‌ನಂಥ ಪ್ರಾಣಿಯನ್ನು ತೂಗುವುದು ಹೇಗೆ? ಸಣ್ಣ ಅಳತೆಯ ಮಾದರಿ ಮಾಡಿ, ಅದರ ಗಾತ್ರವನ್ನು ಕಂಡುಹಿಡಿದು, ಅದನ್ನು ಹಿಗ್ಗಿಸಿ ಲೆಕ್ಕ ಹಾಕುವ ವಿಧಾನ ವಿಜ್ಞಾನಿಗಳಲ್ಲಿ ಬಹುಕಾಲದಿಂದ ಇದೆ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿದ್ದುದರಿಂದ ಊರಿನಲ್ಲಿ ಹದಮಾಡಿದ ಎರೆಮಣ್ಣು ಸಿದ್ಧವಾಗಿಯೇ ಸಿಗುತ್ತಿತ್ತು, ಎತ್ತು ಮಾಡಿ ಪಳಗಿದ ಕೈಗಳೂ ನನ್ನ ಮಕ್ಕಳಲ್ಲಿದ್ದವು.

ವಿಧಾನ ನಂಬಿಕೆಗೆ ಅರ್ಹವೋ ಇಲ್ಲವೋ ಎಂದು ನೋಡಲು ಮೊದಲು ಬದುಕಿರುವ ಎತ್ತನ್ನೇ ಆರಿಸಿಕೊಂಡೆವು. ಪರಿಚಯದ ರೈತರೊಬ್ಬರು ತಮ್ಮ ಎತ್ತನ್ನು ಕಬ್ಬಿನ ಕಾಟಾದ ಮೇಲೆ ನಿಲ್ಲಿಸಿದರು. 460 ಕಿಲೋ ಎಂದು ತೋರಿಸಿತು. ಅದರ ಎತ್ತರ, ಎದೆಯ ಸುತ್ತು, ಹೊಟ್ಟೆಯ ಅಗಲಗಳನ್ನು ದಾರದಿಂದ ಅಳೆದು, ಹತ್ತನೆಯ ಒಂದು ಅಳತೆಯಲ್ಲಿ ಮಾದರಿ ಮಾಡಿದೆವು. ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟು ಹಿಗ್ಗುವುದರಿಂದ ಗಾತ್ರ ಸಾವಿರ ಪಟ್ಟಾಗುತ್ತದೆ; ಅಂದರೆ ಮಾದರಿಯ ಒಂದು ಮಿಲಿಲೀಟರ್ ಎಂದರೆ ನಿಜವಾದ ಪ್ರಾಣಿಯ ಒಂದು ಲೀಟರ್, ಹೆಚ್ಚುಕಡಿಮೆ ಒಂದು ಕಿಲೋ. ನಮ್ಮ ಮಾದರಿ 430 ಕಿಲೋ ಎಂದಿತು. ಕಾಟಾದ ಲೆಕ್ಕಕ್ಕಿಂತ 30 ಕಿಲೋ ಕಡಿಮೆ. ಇಣಿ ಮತ್ತು ಗಂಗೆದೊಗಲುಗಳನ್ನು ನಾವು ತೆಳ್ಳಗೆ ಮಾಡಿದ್ದೆವು. ಆದರೂ ಮುಂದುವರಿಯಲು ಇಷ್ಟು ಧೈರ್ಯ ಸಾಕಾಯಿತು.

ಆಮೇಲೆ ಟಿರನೊಸಾರಸ್ ರೆಕ್ಸ್ ಎಂಬ ಮಾಂಸಾಹಾರಿ ಡೈನೋಸಾರ್. 1990ರಲ್ಲಿ ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಸಿಕ್ಕ, ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ 'ಸೂ' ಎಂಬ ಅಸ್ಥಿಪಂಜರವನ್ನು ಆರಿಸಿದೆ, ಏಕೆಂದರೆ ಅದರಷ್ಟು ಪೂರ್ತಿಯಾಗಿ ಉಳಿದ ದೊಡ್ಡ ಟಿರನೊಸಾರಸ್ ಅಪರೂಪ. ಉದ್ದ 12.3 ಮೀಟರ್, ಇಪ್ಪತ್ತನೆಯ ಒಂದು ಅಳತೆಯಲ್ಲಿ 61.5 ಸೆಂಟಿಮೀಟರ್. ಹಲಗೆಯ ಮೇಲೆ ಮಲಗಿಸಿ ಮಾಡಿದ ಆ ಮಾದರಿಯನ್ನು ಎಂಟು ದಿನ ನೆರಳಿನಲ್ಲಿ ಒಣಗಿಸಿದೆವು. ಒಣಗಿದಾಗ ಅದು ಮೂರು ತುಂಡಾಗಿತ್ತು. ತುಂಡುಗಳಿಗೆ ಮೇಣ ಸವರಿ, ತುಂಬಿದ ಬಕೆಟ್ಟಿನಲ್ಲಿ ಒಂದೊಂದಾಗಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆದಾಗ ಬಂದ ತೂಕ ನಾಲ್ಕೂವರೆ ಟನ್ ಮಾತ್ರ. ಬಲ್ಲವರು ಹೇಳುವ ಯಾವ ಲೆಕ್ಕಕ್ಕೂ ಅದು ಹೊಂದಲಿಲ್ಲ.

ತಪ್ಪನ್ನು ತೋರಿಸಿಕೊಟ್ಟವರು ಮಣ್ಣು ಕೊಟ್ಟ ಕುಂಬಾರ ಕಾಕಾ. "ಎರಿಮಣ್ಣ ಒಣಗಿದ್ರ ಕುಗ್ಗತೈತ್ರಿ ಮಾಸ್ತರ, ಹೊಲದಾಗ ಬಿರುಕ ಬಿಡೂದ ನೋಡಿಲ್ಲೇನ್ರಿ?" ಎಂದರು. ತುಂಡುಗಳನ್ನು ಜೋಡಿಸಿ ಅಳೆದರೆ 55 ಸೆಂಟಿಮೀಟರ್. ಉದ್ದದಲ್ಲಿ ಹತ್ತರಲ್ಲಿ ಒಂದು ಪಾಲು ಕುಗ್ಗಿದ್ದರೆ ಗಾತ್ರದಲ್ಲಿ ನಾಲ್ಕನೆಯ ಒಂದಕ್ಕಿಂತ ಹೆಚ್ಚು ಹೋಗಿಬಿಟ್ಟಿತ್ತು. ಅಂದಿನಿಂದ ಒಣಗಿಸುವುದನ್ನು ಬಿಟ್ಟು, ಹಸಿ ಮಣ್ಣನ್ನೇ ತೂಗುವ ಕ್ರಮ ಹಿಡಿದೆವು. 100 ಮಿಲಿಲೀಟರ್ ಅಳತೆಯ ಪಾತ್ರೆಯಲ್ಲಿ ಒತ್ತಿ ತುಂಬಿದ ನಮ್ಮ ಮಣ್ಣು 185 ಗ್ರಾಂ ತೂಗಿತು. ಮಾದರಿಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು, ಬಂದ ತೂಕವನ್ನು 1.85ರಿಂದ ಭಾಗಿಸಿದರೆ ಗಾತ್ರ ಸಿಗುತ್ತದೆ.

ಅದೇ ಆಕಾರದ ಹೊಸ ಮಾದರಿ 1,610 ಗ್ರಾಂ ತೂಗಿತು, ಅಂದರೆ 870 ಮಿಲಿಲೀಟರ್. ಅದನ್ನು 8,000ದಿಂದ ಗುಣಿಸಿ, ಈ ಜಾತಿಯ ಡೈನೋಸಾರ್‌ಗಳ ಮೈಯಲ್ಲಿ ಹಕ್ಕಿಗಳಿಗಿರುವಂಥ ಗಾಳಿಚೀಲಗಳಿದ್ದುದರಿಂದ ನೀರಿಗಿಂತ ಹಗುರವೆಂದು 0.9 ಹಿಡಿದಾಗ, ಆರೂಕಾಲು ಟನ್ ಬಂದಿತು. ಆಗಲೂ ಒಂದು ತಪ್ಪು ಉಳಿದಿತ್ತು. ನಮ್ಮೂರಿನಲ್ಲಿ ಎಲ್ಲರ ಕಣ್ಣಿಗೂ ಒಗ್ಗಿದ ಬೇಟೆಗಾರ ಪ್ರಾಣಿಯೆಂದರೆ ಮುಧೋಳ ನಾಯಿ. ಮಕ್ಕಳು ತಮಗೆ ತಿಳಿಯದಂತೆಯೇ ಟಿರನೊಸಾರಸ್‌ಗೂ ಅದರ ಹಾಗೆ ಬೆನ್ನಿಗಂಟಿದ ಹೊಟ್ಟೆಯನ್ನು ತಿದ್ದಿದ್ದರು, ನಾನೂ ಗಮನಿಸಿರಲಿಲ್ಲ. 'ಸೂ' ಅಸ್ಥಿಪಂಜರವನ್ನು 2018ರಲ್ಲಿ ಮತ್ತೆ ಜೋಡಿಸಿದಾಗ, ಮೊದಲು ಸೇರಿಸದೆ ಬಿಟ್ಟಿದ್ದ ಹೊಟ್ಟೆಯ ಕೆಳಗಿನ ತೆಳುಪಕ್ಕೆಲುಬುಗಳನ್ನು ಕೂಡಿಸಿದ್ದಾರೆ. ಅದರಿಂದ ಹೊಟ್ಟೆ ಪೀಪಾಯಿಯಂತೆ ತುಂಬಿಕೊಂಡು ಕಾಣುತ್ತದೆ. ಒಂದು ಹಿಡಿ ಮಣ್ಣನ್ನು ಹೊಟ್ಟೆಗೆ ಮೆತ್ತಿದೆವು. ತಕ್ಕಡಿ 1,815 ಗ್ರಾಂ ತೋರಿಸಿತು, ತೂಕ ಏಳು ಟನ್ನಿಗೆ ಏರಿತು. ಅಂಗೈಯಲ್ಲಿ ಹಿಡಿಸುವಷ್ಟು ಮಣ್ಣು ಎಂಟುನೂರು ಕಿಲೋ ವ್ಯತ್ಯಾಸ ಮಾಡಿದ್ದನ್ನು ನಾನು ಈಗಲೂ ಪ್ರತಿ ವರ್ಷ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ. ಇದೇ ಪ್ರಾಣಿಗೆ ಒಬ್ಬ ವಿಜ್ಞಾನಿ ಆರು ಟನ್, ಇನ್ನೊಬ್ಬರು ಒಂಬತ್ತು ಟನ್ನಿಗೂ ಹೆಚ್ಚು ಎಂದು ಏಕೆ ಹೇಳುತ್ತಾರೆ ಎಂಬುದು ಇದರಿಂದ ಕೈಗೇ ತಿಳಿಯುತ್ತದೆ.

ಉಳಿದವುಗಳ ಕೆಲಸ ಬೇಗ ಮುಗಿಯಿತು. ಬೆಕ್ಕಿನ ಕುಲದ, ಈಗ ಅಳಿದುಹೋಗಿರುವ ಕತ್ತಿಹಲ್ಲಿನ ಸ್ಮೈಲೊಡಾನ್ ಸಿಂಹಕ್ಕಿಂತ ಉದ್ದವೇನಲ್ಲ, ಬಾಲವಂತೂ ಮೋಟು. ಆದರೆ ಎದೆ ಮತ್ತು ಮುಂಗಾಲುಗಳನ್ನು ಎಲುಬಿಗೆ ತಕ್ಕಂತೆ ದಪ್ಪ ಮಾಡಿದಾಗ ದಕ್ಷಿಣ ಅಮೆರಿಕದ ದೊಡ್ಡ ಜಾತಿ ಸಿಂಹವನ್ನು ಸಲೀಸಾಗಿ ಮೀರಿತು. ಮೆಗಲೊಡಾನ್ ಶಾರ್ಕಿನ ಮಾದರಿಯನ್ನು ಮಾತ್ರ ನಾನು ಮಾಡಿಸಲಿಲ್ಲ. ಶಾರ್ಕಿನ ಎಲುಬು ಮೆತ್ತನೆಯ ಮೃದ್ವಸ್ಥಿಯಾದ್ದರಿಂದ ಉಳಿದಿರುವುದು ಹೆಚ್ಚಾಗಿ ಹಲ್ಲು ಮತ್ತು ಕೆಲವು ಬೆನ್ನುಮಣಿಗಳು. ಆರು ಮೀಟರಿನ, ಸುಮಾರು ಎರಡು ಟನ್ನಿನ ಬಿಳಿ ಶಾರ್ಕನ್ನು 15 ಮೀಟರಿಗೆ ಹಿಗ್ಗಿಸಿದರೆ 30 ಟನ್ ದಾಟುತ್ತದೆ, 20 ಮೀಟರಿಗೆ ಹಿಗ್ಗಿಸಿದರೆ 70 ಟನ್ ದಾಟುತ್ತದೆ. ಆಕಾರವೇ ಸರಿಯಾಗಿ ಗೊತ್ತಿಲ್ಲದ ಪ್ರಾಣಿಗೆ ಮಕ್ಕಳ ಕೈಯಿಂದ ಒಂದು ರೂಪ ಕೊಡಿಸುವುದು ನನಗೆ ಸರಿಯೆನಿಸಲಿಲ್ಲ.

ಈ ವರ್ಷ ನಮ್ಮ ದೇಶದ್ದೇ ಆದ ರಾಜಾಸಾರಸ್ ಎಂಬ ಬೇಟೆಗಾರ ಡೈನೋಸಾರ್ ಅನ್ನು ಎತ್ತಿಕೊಂಡಿದ್ದೇವೆ. ಗುಜರಾತಿನ ರಹಿಯೋಲಿಯ ಬಳಿ ಸಿಕ್ಕು, 2003ರಲ್ಲಿ ಹೆಸರು ಪಡೆದ ಈ ಪ್ರಾಣಿಯ ತಲೆಬುರುಡೆಯ ಹಿಂಭಾಗ, ಸೊಂಟ, ಹಿಂಗಾಲು, ಬೆನ್ನು ಮತ್ತು ಬಾಲಗಳ ಕೆಲವು ಎಲುಬುಗಳಷ್ಟೇ ದೊರೆತಿವೆ. ಆದ್ದರಿಂದ ಉದ್ದದ ಅಂದಾಜು 6.6 ಮೀಟರಿನಿಂದ 9 ಮೀಟರಿನವರೆಗೆ ಹರಡಿದೆ. ಮಕ್ಕಳು ಎರಡು ಮಾದರಿಗಳನ್ನು ಮಾಡಿದ್ದಾರೆ, ಒಂದು 33 ಸೆಂಟಿಮೀಟರ್, ಇನ್ನೊಂದು 45. ಎರಡನೆಯದು ತಕ್ಕಡಿಯಲ್ಲಿ ಮೊದಲನೆಯದರ ಎರಡೂವರೆ ಪಟ್ಟು ತೂಗುತ್ತದೆ. ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ರಯೋಗಾಲಯದ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇಟ್ಟಿದ್ದೇವೆ, ಎರಡಕ್ಕೂ ಒಂದೇ ಹೆಸರಿನ ಚೀಟಿ ಹಚ್ಚಿದ್ದೇವೆ.