ಹೆಡ್ ಕೊಳ್ಳುವ ಮೊದಲು ಕ್ಯಾಮ್ ಯಾವುದೆಂದು ಹೇಳಿ

ಪುಣೆಯ ಭೋಸರಿಯಲ್ಲಿರುವ ನನ್ನ ಮೆಷಿನ್ ಶಾಪಿಗೆ ಬೆಳಗಾವಿ, ಹುಬ್ಬಳ್ಳಿ ಕಡೆಯ ಹುಡುಗರು ಹಳೆಯ ಮಾರುತಿ ಎಸ್ಟೀಮ್, ಜಿಪ್ಸಿಗಳ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಎಂಜಿನ್ನಿನ ತಲೆ) ಹೊತ್ತು ತರುತ್ತಾರೆ. "ಕಾಕಾ, ಪೋರ್ಟ್ ಎಷ್ಟು ದೊಡ್ಡದು ಮಾಡಬಹುದು?" ಎನ್ನುವುದೇ ಮೊದಲ ಪ್ರಶ್ನೆ. ಪೋರ್ಟ್ ಎಂದರೆ ಹೆಡ್ಡಿನೊಳಗೆ ಗಾಳಿ ಹರಿಯುವ ದಾರಿ. ವಾಲ್ವುಗಳನ್ನು ಎತ್ತುವ ಕ್ಯಾಮ್ ಯಾವುದು, ಗಾಡಿ ಎಲ್ಲಿ ಓಡುತ್ತದೆ ಎಂದು ತಿರುಗಿ ಕೇಳಿದರೆ ಮುಖ ಸಣ್ಣದಾಗುತ್ತದೆ.

ರಸ್ತೆಯ ಗಾಡಿ ಹೆಚ್ಚು ಹೊತ್ತು ಓಡುವುದು 2000ರಿಂದ 4500 ಆರ್‌ಪಿಎಂ ನಡುವೆ. ಕಾತ್ರಜ್ ಘಾಟಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಬೇಕಾದ ಎಳೆತ ಅಲ್ಲಿರಬೇಕು. ಪೋರ್ಟ್ ವಿಪರೀತ ಹಿಗ್ಗಿಸಿದರೆ ಆ ಹಂತದಲ್ಲಿ ಗಾಳಿಯ ವೇಗ ಕುಸಿದು ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ. ಅಮೆರಿಕದ 350 ಘನ ಇಂಚಿನ ಷೆವರ್ಲೆ ವಿ8ಗೇ, ರಸ್ತೆಗೆಂದರೆ, 180 ಸಿಸಿ ಆಸುಪಾಸು ಒಳಜಾಗದ ಇನ್‌ಟೇಕ್ ಪೋರ್ಟ್ ಹಾಕುತ್ತಾರೆ. 5.7 ಲೀಟರಿನ ಆ ಎಂಜಿನ್ನಿಗೆ ಅಷ್ಟು ಸಾಕಾದರೆ ನಮ್ಮ 1.3 ಲೀಟರಿನ ಹಸಿವು ಎಷ್ಟಿದ್ದೀತು?

ಹೆಡ್ಡಿನ ಮೂಲಕ ಎಷ್ಟು ಗಾಳಿ ಹರಿಯುತ್ತದೆಂದು ಅಳೆಯುವ ಫ್ಲೋ ಬೆಂಚಿನ ಅಂಕಿ ತೋರಿಸಿ ಹೆಡ್ ಮಾರುವವರಿದ್ದಾರೆ. ಎಷ್ಟು ಒತ್ತಡದಲ್ಲಿ ಅಳೆದದ್ದೆಂದು ಕೇಳಿ. 28 ಇಂಚು ನೀರಿನ ಒತ್ತಡದ ಅಂಕಿಯನ್ನು 10 ಇಂಚಿನ ಅಂಕಿಯ ಪಕ್ಕದಲ್ಲಿಟ್ಟು ನೋಡುವುದು ಮೋಸ. ನಿಮ್ಮ ಕ್ಯಾಮ್ ವಾಲ್ವನ್ನು 8 ಮಿ.ಮೀ. ಎತ್ತುವುದಾದರೆ 11 ಮಿ.ಮೀ.ನ ಅಂಕಿಯಿಂದ ನಿಮಗೇನೂ ದಕ್ಕದು. ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ನಡುವಿನ ಎತ್ತರವನ್ನು ವಾಲ್ವ್ ದಾಟುತ್ತದೆ. 4ರಿಂದ 6 ಮಿ.ಮೀ. ಸಾಲನ್ನು ಓದಿ. ಅದನ್ನು ಏರಿಸಲು ಪೋರ್ಟಿನ ಬಾಯಿ ಕೊರೆಯಬೇಕಿಲ್ಲ. ಮುಚ್ಚಿದ ವಾಲ್ವ್ ಕೂರುವ ಸೀಟಿಗೆ 30, 45, 60 ಡಿಗ್ರಿಯ ಮೂರು ಕೋನದ ಕಟಿಂಗ್ ಮಾಡಿಸಿ, ಸೀಟಿನ ಕೆಳಗಿನ ಬೌಲನ್ನು (ಬಟ್ಟಲಿನಂಥ ಭಾಗ) ನಯಗೊಳಿಸಿದರೆ ಹೆಚ್ಚಿನ ಲಾಭ ಅಲ್ಲಿಯೇ ಸಿಗುತ್ತದೆ. ಹಣವಿದ್ದರೆ ಅದಕ್ಕೆ ಸುರಿಯಿರಿ.

ಕಂಪ್ರೆಷನ್, ಅಂದರೆ ಸಿಲಿಂಡರಿಗೆ ಬಂದದ್ದನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬ ವಿಷಯದಲ್ಲಿ ಅಂದಾಜು ಬೇಡ. 74 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ನಿನ ಓಟ) ಎಂದರೆ ಸಿಲಿಂಡರಿಗೆ ಸುಮಾರು 325 ಸಿಸಿ. 10:1 ಬೇಕಾದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಒಟ್ಟು 36 ಸಿಸಿ ಇರಬೇಕು. ಚೇಂಬರ್ (ಹೆಡ್ಡಿನಲ್ಲಿ ಇಂಧನ ಉರಿಯುವ ಗುಳಿ), ಗ್ಯಾಸ್ಕೆಟಿನ ದಪ್ಪ, ಪಿಸ್ಟನ್ ತಲೆಯ ತಗ್ಗು ಎಲ್ಲವೂ ಅದರಲ್ಲೇ ಸೇರಿವೆ. ಚೇಂಬರನ್ನು ಸಿರಿಂಜಿನಿಂದ ತುಂಬಿಸಿ ಅಳೆಯಿರಿ, ನಾಲ್ಕನ್ನೂ. ಫೇಸಿಂಗ್ (ಹೆಡ್ಡಿನ ತಳವನ್ನು ಸವರಿ ಸಮ ಮಾಡುವುದು) ಮಾಡಿಸಿದಷ್ಟೂ ಹೆಡ್ ಕೆಳಗಿಳಿದು ಕ್ಯಾಮ್ ಟೈಮಿಂಗ್ ಹಿಂದೆ ಸರಿಯುತ್ತದೆ. ಅದನ್ನು ಸರಿಪಡಿಸಲು ಹೊಂದಿಸಬಲ್ಲ ಕ್ಯಾಮ್ ಪುಲ್ಲಿ ಹಾಕಿಸಿಕೊಳ್ಳಿ.

ಪುಣೆಯ ನಾನಾ ಪೇಠೆಯಲ್ಲೋ ಮುಂಬೈಯ ಕುರ್ಲಾದಲ್ಲೋ ಹಳೆಯ ಹೆಡ್ ಕೊಳ್ಳುವುದಾದರೆ ನೇರ ಪಟ್ಟಿ, ಸಂದು ಅಳೆಯುವ ಫೀಲರ್ ಗೇಜ್ ಜೇಬಿನಲ್ಲಿರಲಿ. ಗ್ಯಾಸ್ಕೆಟ್ ಕೂರುವ ಮುಖ 0.05 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ ಖರ್ಚನ್ನು ಬೆಲೆಯಲ್ಲಿ ಮುರಿಯಿರಿ. ಎರಡು ಸೀಟುಗಳ ನಡುವೆ ಬಿರುಕಿದ್ದರೆ ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.

ದೊಡ್ಡ ವಾಲ್ವ್ ಅಥವಾ ಬೇರೆ ಕ್ಯಾಮ್ ಹಾಕುವುದಿದ್ದರೆ, ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪಿಸ್ಟನ್ ಮೇಲೆ ಮಕ್ಕಳ ಆಟದ ಜೇಡಿಮಣ್ಣು ಇಟ್ಟು, ಹೆಡ್ ಬಿಗಿದು, ಟೈಮಿಂಗ್ ಹೊಂದಿಸಿ, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ. ಬಿಚ್ಚಿ ಮಣ್ಣನ್ನು ಕೊಯ್ದು ನೋಡಿ: ತೀರಾ ತೆಳುವಾದ ಜಾಗದಲ್ಲೂ ಇನ್‌ಟೇಕ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಉಳಿದಿರಬೇಕು.