ಸಂಪಿಗೊಂದು ಹಗುರ ಮುಚ್ಚಳ: ಚೆಕ್ಕರ್ ಪ್ಲೇಟ್ ಕತ್ತರಿಸಿ, ಮಡಿಸುವುದು ಹೇಗೆ?

ಸಂಪಿನ ಕಬ್ಬಿಣದ ಮುಚ್ಚಳ ನಾಲ್ಕಾರು ಮಳೆಗಾಲ ಕಂಡಿತೆಂದರೆ ಅಂಚಿನಲ್ಲಿ ತುಕ್ಕು ಏಳುತ್ತದೆ. ಆ ತುಕ್ಕಿನ ಹಕ್ಕಳೆ ನೀರಿಗೇ ಬೀಳುತ್ತದೆ. ಬಸ್ಸಿನ ಮೆಟ್ಟಿಲಿಗೆ ಹಾಕುವ, ಉಬ್ಬು ಗೆರೆಗಳ ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟ್ ಇದಕ್ಕೆ ಒಳ್ಳೆಯ ಬದಲಿ. ಅಷ್ಟೇ ದಪ್ಪದ ಕಬ್ಬಿಣಕ್ಕೆ ಹೋಲಿಸಿದರೆ ತೂಕ ಮೂರನೇ ಒಂದು ಭಾಗ. ಕಾರು ಹತ್ತುವ ಜಾಗದಲ್ಲಿ ಸಂಪ್ ಇದ್ದರೆ ಮಾತ್ರ ಈ ಯೋಚನೆ ಬಿಡಿ. ಇಲ್ಲಿ ಹೇಳುತ್ತಿರುವುದು ಜನ ಓಡಾಡುವ ಕಡೆ, ಸಣ್ಣ ಕಟ್ಟೆಯಿರುವ ಸಂಪಿನ ಮೇಲೆ ಟ್ರೇ ಹಾಗೆ ಕವುಚಿಕೊಳ್ಳುವ ಮುಚ್ಚಳದ ಬಗ್ಗೆ.

ಅಂಗಡಿಯಲ್ಲಿ 8×4 ಅಡಿ ಶೀಟ್ ತೋರಿಸುತ್ತಾರೆ. ನಿಮಗೆ ಬೇಕಿರುವುದು ತುಂಡು, ಅದನ್ನೇ ಕೇಳಿ. ದಪ್ಪ 2 ಮಿ.ಮೀ. ಇರಲಿ, 3 ಮಿ.ಮೀ. ಆದರೆ ಮನೆಯಲ್ಲಿ ನೀಟಾಗಿ ಮಡಿಸುವುದು ಕಷ್ಟ, ಬೆಂಡಿಂಗ್ ಮಷಿನ್ ಇರುವ ಫ್ಯಾಬ್ರಿಕೇಶನ್ ಅಂಗಡಿಗೇ ಕೊಡಬೇಕು. ಇನ್ನೊಂದು ವಿಷಯ, ಅಲ್ಯೂಮಿನಿಯಂ ಎಲ್ಲವೂ ಒಂದೇ ಅಲ್ಲ. 3003 ಎಂಬ ಜಾತಿ ಮೆತ್ತಗೆ ಬಾಗುತ್ತದೆ. 6061-ಟಿ6 ಗಟ್ಟಿ, ಚೂಪಾಗಿ ಮಡಿಸಿದರೆ ಸೀಳುತ್ತದೆ. ಅಂಗಡಿಯವರಿಗೆ ನಂಬರ್ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಬೆರಳಗಲದ ಒಂದು ಪಟ್ಟಿ ಕತ್ತರಿಸಿ ಮಡಿಸಿ ನೋಡಿ. ಮಡಿಕೆಯ ಹೊರಮೈಯಲ್ಲಿ ಬಿರುಕು ಕಂಡರೆ ಆ ಶೀಟ್ ಬೇಡ.

ಕೆಲಸ ಕೆಡುವುದು ಹೆಚ್ಚಾಗಿ ಅಳತೆಯಲ್ಲಿ. ಮಡಿಸಿದಾಗ ಲೋಹದ ಹೊರಮೈ ಹಿಗ್ಗುತ್ತದೆ. ಹಾಗಾಗಿ ಹೊರಗಿನ ಅಳತೆಗಳನ್ನು ಸುಮ್ನೆ ಕೂಡಿಸಿ ಕತ್ತರಿಸಿದರೆ ಮುಚ್ಚಳ ದೊಡ್ಡದಾಗುತ್ತದೆ. 2 ಮಿ.ಮೀ. ಪ್ಲೇಟನ್ನು 2 ಮಿ.ಮೀ. ದುಂಡಗಿನ ಅಂಚಿನ ಮೇಲೆ ಮಡಿಸುವಾಗ ಪ್ರತಿ ಮಡಿಕೆಗೆ ಸುಮಾರು 3.5 ಮಿ.ಮೀ. ಕಳೆಯಬೇಕು. ಕಟ್ಟೆಯ ಹೊರ ಅಳತೆ 600 ಮಿ.ಮೀ. ಅಂದುಕೊಳ್ಳಿ. ಸ್ವಲ್ಪ ಸಡಿಲ ಬಿಟ್ಟು ಮುಚ್ಚಳ 610 ಇರಲಿ, ಇಳಿಯುವ ಅಂಚು 40. ಆಗ 610ಕ್ಕೆ ಎರಡು 40 ಸೇರಿಸಿ 690, ಅದರಲ್ಲಿ ಎರಡು ಮಡಿಕೆಯ 7 ಕಳೆದರೆ 683. ಅಂದರೆ 683 ಮಿ.ಮೀ. ಚೌಕ ಕತ್ತರಿಸಿ, ನಾಲ್ಕೂ ಕಡೆ ಅಂಚಿನಿಂದ 38 ಮಿ.ಮೀ. ಒಳಗೆ ಮಡಿಕೆಯ ಗೆರೆ ಎಳೆಯಿರಿ. ಮೊಳೆಯಿಂದ ಗೀಚಬೇಡಿ, ಬಿರುಕು ಶುರುವಾಗುವುದೇ ಅಂಥ ಗೀರಿನಿಂದ. ಮಾರ್ಕರ್ ಪೆನ್ ಸಾಕು.

ಕತ್ತರಿಸಲು ಜಿಗ್ ಸಾ (ಕೈಯಲ್ಲಿ ಹಿಡಿಯುವ ಕರೆಂಟ್ ಗರಗಸ) ಒಳ್ಳೆಯದು. ಉಬ್ಬು ಗೆರೆ ಕೆಳಗೆ, ನುಣುಪು ಬೆನ್ನು ಮೇಲೆ ಬರುವಂತೆ ಪ್ಲೇಟ್ ಕವುಚಿಡಿ, ಆಗ ಮಷಿನ್ ಕುಣಿಯುವುದಿಲ್ಲ. ಲೋಹದ ಬ್ಲೇಡ್ ಹಾಕಿ, ಅದಕ್ಕೆ ಮೇಣದಬತ್ತಿ ಸವರಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಪುಡಿ ಬ್ಲೇಡಿನ ಹಲ್ಲಿಗೆ ಮೆತ್ತಿಕೊಂಡು, ಕತ್ತರಿಸುವ ಬದಲು ಬರೀ ಉಜ್ಜುತ್ತದೆ. ಕಬ್ಬಿಣ ಕತ್ತರಿಸುವ ಗ್ರೈಂಡರ್ ಚಕ್ರವನ್ನಂತೂ ಇಲ್ಲಿ ಬಳಸಲೇಬೇಡಿ. ಅದಕ್ಕೂ ಹೀಗೇ ಪುಡಿ ಮೆತ್ತುತ್ತದೆ, ಬಿಸಿಯಾಗಿ ಚಕ್ರ ಒಡೆಯಬಹುದು. ಕಣ್ಣಿಗೆ ಕನ್ನಡಕ ಬೇಕೇಬೇಕು.

ಮಡಿಕೆಯ ಗೆರೆಗಳು ಸೇರುವ ನಾಲ್ಕು ಕಡೆ ಮೊದಲು 6 ಮಿ.ಮೀ. ತೂತು ಕೊರೆದು, ಆಮೇಲೆ ಮೂಲೆಯ ಚೌಕಗಳನ್ನು ತೆಗೆಯಿರಿ. ಮಡಿಸುವಾಗ ಮೂಲೆ ಹರಿಯದಂತೆ ಕಾಯುವುದು ಈ ತೂತೇ. ಅಂಚುಗಳನ್ನೂ ಈಗಲೇ ಅರದಿಂದ ಉಜ್ಜಿ. ಅರಕ್ಕೆ ಸೀಮೆಸುಣ್ಣ ತಿಕ್ಕಿಕೊಂಡರೆ ಪುಡಿ ಅಂಟುವುದಿಲ್ಲ.

ಈಗ ಮಡಿಸುವುದು. 600 ಮಿ.ಮೀ. ಉದ್ದದ, ಕನಿಷ್ಠ 50 ಮಿ.ಮೀ. ದಪ್ಪದ ಗಟ್ಟಿ ಮರದ ತುಂಡು ಬೇಕು. ಅದರ ಅಂಚಿಗೆ ಅಷ್ಟೇ ಉದ್ದದ ಕಬ್ಬಿಣದ ಆ್ಯಂಗಲ್ ಕೂರಿಸಿ, ಮೂಲೆಯನ್ನು ಅರದಿಂದ ದುಂಡಗೆ ಮಾಡಿ. ಉದ್ದ 600 ಯಾಕೆಂದರೆ, ಎದುರುಬದುರು ಎರಡು ಅಂಚು ಮಡಿಸಿದ ಮೇಲೆ ಉಳಿದೆರಡನ್ನು ಮಡಿಸಲು ಅದು ಅವುಗಳ ನಡುವೆ ಹಿಡಿಸಬೇಕು, ಅಲ್ವಾ? ಉಬ್ಬು ಗೆರೆ ಮೇಲೆ ಬರುವಂತೆ ಪ್ಲೇಟಿಟ್ಟು, ಮೇಲೊಂದು ಹಲಗೆ ಒತ್ತಿ, ಸಿ-ಕ್ಲಾಂಪ್‌ಗಳಿಂದ ಬಿಗಿಯಿರಿ. ಹೊರಗೆ ಚಾಚಿದ ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಕೊಡತಿಯಿಂದ ಬಡಿಯಿರಿ. ಒಂದೇ ಕಡೆ ಪೂರ್ತಿ ಮಡಿಸಬೇಡಿ. ಈ ತುದಿಯಿಂದ ಆ ತುದಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತ, ಮತ್ತೆ ಮತ್ತೆ ಹೋಗಿ ಬನ್ನಿ. ಕೈ ಬಿಟ್ಟ ಕೂಡಲೇ ಲೋಹ ಒಂಚೂರು ವಾಪಸ್ ಬರುತ್ತದೆ, ಆದ್ದರಿಂದ 90 ಡಿಗ್ರಿ ದಾಟಿ ಎರಡು ಮೂರು ಡಿಗ್ರಿ ಜಾಸ್ತಿಯೇ ಬಗ್ಗಿಸಿ. ಅಂಗಡಿಯ ಇಡೀ ಶೀಟಿನ ಉದ್ದಕ್ಕೆ ಸಮಾನಾಂತರವಾಗಿ ಬರುವ ಎರಡು ಮಡಿಕೆಗಳಲ್ಲಿ ಬಿರುಕಿನ ಭಯ ಹೆಚ್ಚು, ಅಲ್ಲಿ ಅವಸರ ಬೇಡ. ತಪ್ಪಿತೆಂದು ಬಿಡಿಸಿ ಮತ್ತೆ ಮಡಿಸಿದರೆ ಸಾಮಾನ್ಯವಾಗಿ ಅಲ್ಲೇ ಮುರಿಯುತ್ತದೆ.

ಕಾಲಿಟ್ಟರೆ ತಗ್ಗದಂತೆ ಒಳಮೈಗೆ 25 ಮಿ.ಮೀ. ಅಲ್ಯೂಮಿನಿಯಂ ಆ್ಯಂಗಲ್ ಎರಡನ್ನು ಅಡ್ಡಲಾಗಿ ರಿವೆಟ್ ಹೊಡೆಯಿರಿ. ಅವು ಸಂಪಿನ ಬಾಯಿಗಿಂತ ತುಸು ಗಿಡ್ಡ ಇರಲಿ. ರಿವೆಟ್ ತಲೆಗೆ ಸಿಲಿಕಾನ್ ಹಚ್ಚಿದರೆ ಮಳೆ ನೀರು ಇಳಿಯದು. ಸ್ಕ್ರೂ ಬೇಕಾದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಮಾಮೂಲಿ ಕಬ್ಬಿಣ ಅಥವಾ ಹಿತ್ತಾಳೆ ತಾಗಿ ನೀರೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಇದು ಇನ್ನೂ ಬೇಗ. ಹಸಿ ಸಿಮೆಂಟಿನ ಕ್ಷಾರವೂ ಅದನ್ನು ತಿನ್ನುತ್ತದೆ, ಹಾಗಾಗಿ ಕಟ್ಟೆ ಚೆನ್ನಾಗಿ ಒಣಗಿದ ಮೇಲೆ, ನಡುವೆ ರಬ್ಬರ್ ಬೀಡಿಂಗ್ ಕೊಟ್ಟು ಕೂರಿಸಿ.

ಬಣ್ಣದ ಅಗತ್ಯವಿಲ್ಲ. ದಿನ ಕಳೆದಂತೆ ಹೊಳಪು ಮಾಸಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಪೊರೆಯೇ ಅದಕ್ಕೆ ರಕ್ಷಣೆ, ಉಜ್ಜಿ ತೆಗೆಯಬೇಡಿ. ತೊಳೆಯಲು ಪಾತ್ರೆ ಸೋಪಿನ ನೀರು ಸಾಕು, ವಾಷಿಂಗ್ ಸೋಡಾ ಬೇಡ. ಮಧ್ಯಾಹ್ನದ ಬಿಸಿಲಿಗೆ ಇದು ಚೆನ್ನಾಗಿ ಕಾಯುತ್ತದೆ, ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಹೇಳಿಟ್ಟಿರಿ.

ಮುಚ್ಚಳ ಇಷ್ಟು ಹಗುರವಾದರೆ ಮಗುವೂ ಎತ್ತಬಹುದು. ಸ್ಟೇನ್‌ಲೆಸ್ ಕೊಂಡಿ, ಬೀಗ ಹಾಕುವವರೆಗೆ ಹಳೇ ಮುಚ್ಚಳ ತೆಗೆಯಬೇಡಿ.